ದ್ವೀಪದ ತೊಟ್ಟಿ, ಮಾಂಬಲದ ಕೊಳವೆ

ವೃಂದಾಗೆ ವಿಜ್ಞಾನ ಗೊತ್ತಿತ್ತು. ವಿಜ್ಞಾನಕ್ಕೆ ವೃಂದಾ ಗೊತ್ತಿರಲಿಲ್ಲ, ಅಷ್ಟೇ. ಮೈಲಾಪುರದ ಒಂದು ಕಾನ್ವೆಂಟಿನ ಪ್ರಯೋಗಶಾಲೆಯಲ್ಲಿ ಅವಳು ವರ್ಷಾನುಗಟ್ಟಲೆ ಲೋಲಕ ತೂಗಾಡಿಸಿದ್ದಳು, ಮಸೂರ ಹಿಡಿದು ಮೇಣದಬತ್ತಿಯನ್ನು ತಲೆಕೆಳಗು ಮಾಡಿ ತೋರಿಸಿದ್ದಳು, ಒಡೆದ ಬೀಕರಿಗೆ ಯಾರ ಹೆಸರು ಬರೆಯಬೇಕೆಂದು ಸಿಸ್ಟರುಗಳ ಜೊತೆ ವಾದಿಸಿದ್ದಳು. ಹುಡುಗಿಯರು ಹಿಂದಿನ ವರ್ಷದ ಅಕ್ಕಂದಿರಿಂದ ಉತ್ತರ ಕೇಳಿಕೊಂಡೇ ಪ್ರಯೋಗಕ್ಕೆ ಬರುತ್ತಿದ್ದರು. ಮೊದಲು ಉತ್ತರ, ಆಮೇಲೆ ಲೋಲಕ. ಗುರುತ್ವಾಕರ್ಷಣೆಗೆ ಆ ಕೋಣೆಯಲ್ಲಿ ಗೌರವವಿತ್ತೇ ಹೊರತು ಕೆಲಸವಿರಲಿಲ್ಲ. ‘ಹೀಗೆ ಮಾಡದೆ ಹಾಗೆ ಮಾಡಿದರೆ ಏನಾಗುತ್ತೆ ಮಿಸ್?’ ಎಂದು ಯಾರಾದರೂ ಒಬ್ಬಳು ಕೇಳಲಿ ಎಂದು ಅವಳು ಪ್ರತಿ ಜೂನ್‌ನಲ್ಲಿ ಕಾಯುತ್ತಿದ್ದಳು. ಪ್ರತಿ ಮಾರ್ಚ್‌ನಲ್ಲಿ ಅದನ್ನು ಮರೆಯುತ್ತಿದ್ದಳು.

ಕೊನೆಗೆ ಆ ಪ್ರಶ್ನೆಗೆ ಹತ್ತಿರದ್ದೊಂದನ್ನು ಕೇಳಿದವನು ಕಮಲಾಕರ. ಅವಳ ಗಂಡ ಸಂಜೀವನ ಬಾಲ್ಯದ ಗೆಳೆಯನ ತಮ್ಮ. ಮನೆಮಾತು ಕನ್ನಡ, ಜಗಳದ ಮಾತು ತಮಿಳು, ಮೇಲ್ ಬರೆಯುವ ಮಾತು ಇಂಗ್ಲಿಷು. ಬೆಸೆಂಟ್ ನಗರದಲ್ಲಿ ಒಂದು ಮನೆಯ ಮಹಡಿ ಹಿಡಿದು, ಸಮುದ್ರದ ಉಪ್ಪುಗಾಳಿಗೆ ಕಂಪ್ಯೂಟರುಗಳು ತುಕ್ಕು ಹಿಡಿಯುವುದರೊಳಗೆ ಹೆಸರು ಮಾಡಬೇಕೆಂದು ಹೊರಟವನು. 2003ರ ಬೇಸಿಗೆಯಲ್ಲಿ ಅವನು ಮಾಡುತ್ತಿದ್ದುದು ಒಂದು ಕಂಪ್ಯೂಟರ್ ಆಟ. ಹೆಸರು ‘ದೀಪ ಆರಿದ ದ್ವೀಪ’. ನಡುಗಡ್ಡೆಯೊಂದರ ದೀಪಸ್ತಂಭದ ಕಾವಲುಗಾರ ಕಾಣೆಯಾಗಿದ್ದಾನೆ. ಅವನನ್ನು ಹುಡುಕಿಕೊಂಡು ಲೀನಾ ಎಂಬ ಹುಡುಗಿ ಬಂದಿಳಿಯುತ್ತಾಳೆ. ಆಡುವವರು ಮೌಸ್ ಹಿಡಿದು ಲೀನಾಳನ್ನು ಕೋಣೆಯಿಂದ ಕೋಣೆಗೆ ನಡೆಸಬೇಕು. ಆಟದಲ್ಲಿ ಬಂದೂಕಿಲ್ಲ, ಭೂತವಿಲ್ಲ. ಪ್ರತಿ ಬಾಗಿಲಿಗೂ ಒಂದು ಒಗಟು, ಪ್ರತಿ ಒಗಟಿಗೂ ಒಂದಿಷ್ಟು ವಿಜ್ಞಾನ. ವಿದೇಶದ ಪ್ರಕಾಶಕರೊಬ್ಬರು ಅದನ್ನು ಸಿ.ಡಿ. ಮಾಡಿ ಮಾರಲು ಒಪ್ಪಿದ್ದರು.

“ಒಗಟು ಕಟ್ಟಿಕೊಡಿ ಮೇಡಂ,” ಎಂದ ಕಮಲಾಕರ. “ನಮ್ಮ ಹುಡುಗರು ಬಾಗಿಲು ಬರೀತಾರೆ, ಬೀಗ ಬರೀತಾರೆ. ಬೀಗದ ಕೈ ಎಲ್ಲಿದೆ ಅಂತ ಮಾತ್ರ ಅವರಿಗೆ ಗೊತ್ತಾಗ್ತಿಲ್ಲ.”

ಹಾಗಾಗಿ ವೃಂದಾ ಶಾಲೆ ಮುಗಿಸಿ ಬಸ್ಸು ಹಿಡಿದು ಬೆಸೆಂಟ್ ನಗರಕ್ಕೆ ಹೋಗತೊಡಗಿದಳು. ಮೊದಮೊದಲು ಕೈ ಹಳೆಯ ಜಾಡಿಗೇ ಹೋಯಿತು. ಒಂದು ಕೋಣೆಗೆ ಲೋಲಕ, ಒಂದು ಕೋಣೆಗೆ ಮಸೂರ. ಎಲ್ಲ ಚೆನ್ನಾಗಿತ್ತು, ಎಲ್ಲ ಪಠ್ಯಪುಸ್ತಕದ್ದು. ಕೊನೆಯ ಅಧ್ಯಾಯಕ್ಕೆ ಬಂದಾಗ ಅವಳು ಒಂದು ತೊಟ್ಟಿ ಕಟ್ಟಿದಳು. ದೀಪಸ್ತಂಭದ ಬುಡದಲ್ಲಿ ಆಳವಾದ ಕಲ್ಲಿನ ತೊಟ್ಟಿ, ತುಂಬ ಮಳೆನೀರು. ತಳದಲ್ಲಿ ಒಂದು ಕಬ್ಬಿಣದ ಮುಚ್ಚಳ, ಅದರ ಕೆಳಗೆ ಕಾವಲುಗಾರ ಹೋದ ದಾರಿ. ತೊಟ್ಟಿಗೆ ತೂಬಿಲ್ಲ, ಪಕ್ಕದಲ್ಲಿ ಬಕೆಟ್ಟಿಲ್ಲ. ಗೋಡೆಗೆ ಉದ್ದನೆಯ ಒಂದು ಕೊಳವೆ ನೇತುಬಿದ್ದಿದೆ, ಅಷ್ಟೇ. ಆಚೆ ಇಳಿಜಾರು, ಇಳಿಜಾರಿನ ತುದಿಗೆ ಸಮುದ್ರ.

“ಇದು ಯಾವ ಪುಸ್ತಕದ್ದು ಮೇಡಂ?” ಎಂದು ಕಮಲಾಕರ ಕೇಳಿದಾಗ ಅವಳು, “ಇದು ಪುಸ್ತಕದ್ದಲ್ಲ, ನಂದು,” ಎಂದಳು. ಹೇಳಿದ ಮೇಲೆ ಆ ಮಾತು ಅವಳಿಗೇ ಹೊಸದಾಗಿ ಕೇಳಿಸಿತು. ಪ್ರಯೋಗಶಾಲೆಯ ಬೀರುವಿನ ಬೀಗವೂ ಶಾಲೆಯದೇ ಆಗಿದ್ದ ಹೆಂಗಸು ಅವಳು.

ಒಗಟನ್ನು ಪರೀಕ್ಷಿಸಬೇಕಲ್ಲ. ಮನೆಗೆ ಒಂದು ಪ್ರತಿ ತಂದು ಮಗಳು ರಂಜನಿಯನ್ನು ಕೂರಿಸಿದಳು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ರಂಜನಿ ಕೊಳವೆಯನ್ನು ಎಳೆದು ಪೂರ್ತಿ ತೊಟ್ಟಿಯೊಳಗೆ ಮುಳುಗಿಸಿದಳು; ಗುಳುಗುಳು ಗುಳ್ಳೆ ಎದ್ದಿತು; ಕೊಳವೆ ತುಂಬಿದ ಮೇಲೆ ಒಂದು ತುದಿಗೆ ಲೀನಾಳ ಹೆಬ್ಬೆರಳು ಒತ್ತಿಸಿ, ಗೋಡೆ ದಾಟಿಸಿ, ಇಳಿಜಾರಿಗೆ ಬಿಟ್ಟಳು. ನೀರು ತಾನಾಗಿ ಹತ್ತಿ ತಾನಾಗಿ ಇಳಿಯಿತು.

“ಇದು ರೊಂಬ ಈಸಿಮ್ಮಾ,” ಎಂದು ಎದ್ದುಹೋದಳು.

ಪಲ್ಲಾವರಂನಿಂದ ಬಂದಿದ್ದ ಮೈದುನನ ಮಗ ಸುಜಯೀಂದ್ರನೂ ಹಾಗೇ ಮಾಡಿದ. ಕಮಲಾಕರನೂ ಹಾಗೇ ಮಾಡಿದ. ಕೂತವರೆಲ್ಲ ಪಾಸು. ಕೊನೆಯ ಅಧ್ಯಾಯಕ್ಕೆ ಇದು ತೀರ ಸುಲಭವಾಯಿತೇನೋ ಎಂದು ವೃಂದಾಗೆ ಚಿಂತೆಯೂ ಆಯಿತು. ಆ ಚಿಂತೆಯನ್ನು ಕಟ್ಟಿಟ್ಟು ಆಟವನ್ನು ವಿದೇಶಕ್ಕೆ ಕಳಿಸಿದರು.

ಅಲ್ಲಿಂದ ಬಂದ ಮೇಲ್‌ನಲ್ಲಿ ಹೊಗಳಿಕೆ ಮೇಲುಗಡೆ ಇತ್ತು, ಬೈಗುಳ ಕೆಳಗಡೆ. ಆಟ ಚೆಂದ, ಚಿತ್ರ ಚೆಂದ. ಆದರೆ ಕೊನೆಯ ಅಧ್ಯಾಯದಲ್ಲಿ ಕೊಳವೆ ಕೆಟ್ಟಿದೆ. ಆಡಿ ನೋಡಿದ ಮಕ್ಕಳು ದೊಡ್ಡವರು ಯಾರಿಗೂ ಅದು ಕೆಲಸ ಮಾಡುತ್ತಿಲ್ಲ. ವಾರದ ಕೊನೆಗೆ ಅಂತಿಮ ಪ್ರತಿ ಮುದ್ರಣಕ್ಕೆ ಹೋಗಬೇಕು. ಅಷ್ಟರಲ್ಲಿ ಸರಿಯಾಗದಿದ್ದರೆ ತೊಟ್ಟಿಯ ಅಧ್ಯಾಯವನ್ನೇ ಕಿತ್ತುಹಾಕಿ, ಮಸೂರದ ಕೋಣೆಯಿಂದ ನೇರ ಕಾವಲುಗಾರನ ಹತ್ತಿರ ಲೀನಾಳನ್ನು ಬಿಟ್ಟುಬಿಡಿ.

ಕೊಳವೆ ಬರೆದವನು ಅನಿಲ್. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗ. ಮಾತು ಕಡಿಮೆ, ಕಾಫಿ ಜಾಸ್ತಿ. ಬಗ್ ಹುಡುಕಲು ಪರದೆಯ ಮುಂದೆ ಬಗ್ಗಿದವನು ಬಗ್ಗಿಯೇ ಉಳಿದ. ಅವನ ಕೈಯಲ್ಲಿ ಕೊಳವೆ ಪ್ರತಿ ಸಲವೂ ನೀರು ಹರಿಸುತ್ತಿತ್ತು. ವೃಂದಾ ಅವನ ಹಿಂದೆ ನಿಂತು, ತನ್ನದು ಅಂತ ಹೇಳಿಕೊಂಡ ಒಂದೇ ಒಂದು ವಸ್ತು ಸೀರೆಯ ಸೆರಗಿನ ಹಾಗೆ ಬಾಗಿಲಿಗೆ ಸಿಕ್ಕಿಕೊಂಡಿದೆ ಎಂದುಕೊಂಡಳು. ಅದು ಹರಿದುಹೋದರೆ ಈ ಆಟದಲ್ಲಿ ಉಳಿಯುವುದು ಲೋಲಕ, ಮಸೂರ. ಅದಕ್ಕೆ ವೃಂದಾ ಯಾಕೆ ಬೇಕಿತ್ತು? ಪುಸ್ತಕ ಸಾಕಿತ್ತು.

“ಅವರು ಏನು ಮಾಡ್ತಿದ್ದಾರೆ ಅಂತ ಬರೆದಿದ್ದಾರಾ?” ಎಂದು ಕೇಳಿದಳು.

ಕಮಲಾಕರ ಮೇಲ್ ಓದಿದ. “ಕೊಳವೆಯ ಒಂದು ತುದಿ ನೀರಿಗೆ ಬಿಡ್ತಾರಂತೆ. ಇನ್ನೊಂದು ತುದೀನ ಲೀನಾಳ ಮುಖದ ಹತ್ತಿರ ತೊಗೊಂಡು ಹೋಗ್ತಾರಂತೆ. ಏನೂ ಆಗಲ್ವಂತೆ.”

“ಮುಖಕ್ಕೆ ಯಾಕೆ? ಕನ್ನಡಿ ಅಂದ್ಕೊಂಡ್ರಾ?”

“ಎಲ್ಲರೂ ಹಾಗೇ ಮಾಡಿದ್ದಾರೆ ಮೇಡಂ. ಒಬ್ಬಳು ಮುದುಕಿ ಕೂಡ.”

ಅನಿಲ್ ಲೋಟ ಕೆಳಗಿಟ್ಟ. “ಬಾಯಲ್ಲಿ ಎಳೀತಾರೆ ಮೇಡಂ,” ಎಂದ. “ಒಂದು ಸಲ ಎಳೆದು ಬಿಟ್ರೆ ನೀರು ಬರತ್ತಲ್ಲ. ನಾನು ಸ್ಕೂಟರಿಂದ ಪೆಟ್ರೋಲ್ ಹಾಗೇ ತೆಗೆಯೋದು.”

ವೃಂದಾ ಕಮಲಾಕರನನ್ನು ನೋಡಿದಳು, ಕಮಲಾಕರ ವೃಂದಾಳನ್ನು ನೋಡಿದ. ಇಬ್ಬರೂ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆಗಳಲ್ಲಿ ಹುಟ್ಟಿದವರು. ಎಂಜಲು ಎಂಬ ಮಾತನ್ನು ಅ ಆ ಇ ಈ ಅಕ್ಷರಗಳಿಗಿಂತ ಮೊದಲು ಕಲಿತವರು.

“ಮೊದಲೇ ಹೇಳಬಾರದಿತ್ತೇನಯ್ಯ?” ಎಂದಳು ವೃಂದಾ.

“ನೀವು ಬರೆದುಕೊಟ್ಟದ್ದನ್ನ ಮಾಡಿದೆ ಮೇಡಂ. ದೊಡ್ಡೋರ ಮನೆ ಪದ್ಧತಿ ಇರಬೇಕು ಅಂದ್ಕೊಂಡೆ.”

ಕಮಲಾಕರ ನಗಲು ಶುರುಮಾಡಿ ಮೇಲ್ ನೆನಪಾಗಿ ನಿಲ್ಲಿಸಿದ. “ಸರಿ ಹೋಯ್ತು. ಅರ್ಧ ಪ್ರಪಂಚಾನ ತೊಟ್ಟಿ ಮುಂದೆ ಮಡಿಯಲ್ಲಿ ನಿಲ್ಲಿಸಿಬಿಟ್ಟಿದೀವಿ. ಈಗ ಏನು ಮಾಡೋದು? ಬಾಯಿಗೂ ಬಿಟ್ಟರೆ ಒಗಟೇ ಉಳಿಯಲ್ಲ. ಎಲ್ಲರೂ ಮೊದಲನೇ ಸಲಕ್ಕೇ ಎಳೆದು ದಾಟಿಬಿಡ್ತಾರೆ. ಅಂಥಾದ್ದನ್ನ ಕೊನೇ ಅಧ್ಯಾಯಕ್ಕೆ ಅವರು ಇಟ್ಕೊಳ್ಳಲ್ಲ.”

ವೃಂದಾ ಕಿಟಕಿಯ ಕಡೆ ತಿರುಗಿ ನಿಂತಳು. ಸಮುದ್ರ ಕಾಣುತ್ತಿರಲಿಲ್ಲ, ಎದುರುಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಟ್ಯಾಂಕು ನೋಡುತ್ತಲೇ ಹೇಳಿದಳು: “ನೀರು ಬೇಡ. ಸೀಮೆಎಣ್ಣೆ ಮಾಡಿ.”

“ಏನು?”

“ದೀಪಸ್ತಂಭ ಅಲ್ವಾ? ದೀಪಕ್ಕೆ ಎಣ್ಣೆ ಬೇಡ್ವಾ? ತೊಟ್ಟಿ ತುಂಬ ಸೀಮೆಎಣ್ಣೆ. ಬಾಯಿ ಹಾಕಿದರೆ ವಿಷ ಅಂತ ಲೀನಾನೇ ಹೇಳಲಿ. ಆಗ ಮುಳುಗಿಸೋದೊಂದೇ ದಾರಿ.”

ಕಮಲಾಕರ ಕುರ್ಚಿಯಿಂದ ಎದ್ದೇಬಿಟ್ಟ. ಅನಿಲ್‌ಗೆ ಬಣ್ಣ ಬದಲಾಯಿಸುವ ಕೆಲಸ, ಒಂದು ಮಾತು ಸೇರಿಸುವ ಕೆಲಸ. ಅಲ್ಲೇ ಕೂತು ಮೇಲ್ ಬರೆದ. ವೃಂದಾ ಮನೆ ಸೇರಿ ಕಾಫಿಗೆ ಹಾಲು ಕಾಯಿಸುತ್ತಿರುವಾಗಲೇ ಫೋನ್ ಬಂತು: ಅವರು ಒಪ್ಪಿದ್ದಾರೆ, ತುಂಬ ಜಾಣತನದ ತಿರುವು ಎಂದಿದ್ದಾರೆ, ಅಧ್ಯಾಯ ಉಳಿಯಿತು.

ಒಗಟು ಉಳಿದ ಖುಷಿಯಲ್ಲಿ ಅವಳು ಮಲಗಿದಳು. ಬೆಳಿಗ್ಗೆ ಬೀದಿಯಲ್ಲಿ “ತಣ್ಣಿ ಲಾರಿ! ತಣ್ಣಿ ಲಾರಿ!” ಎಂಬ ಕೂಗಿಗೆ ಎದ್ದಳು. ಆ ವರ್ಷ ಮದರಾಸಿಗೆ ನೀರು ಲಾರಿಯ ಮೇಲೆ ಬರುತ್ತಿತ್ತು. ಪಶ್ಚಿಮ ಮಾಂಬಲದ ಅವರ ಮನೆಯ ಬಾವಿ ಬತ್ತಿ, ರಾಟೆ ಬರೀ ಅಲಂಕಾರಕ್ಕೆ ಉಳಿದಿತ್ತು. ಲಾರಿ ನೀರು ಹಿತ್ತಿಲ ದೊಡ್ಡ ಡ್ರಮ್ಮಿಗೆ ಬಿದ್ದ ಮೇಲೆ ಅದನ್ನು ಮಡಿನೀರು ಮಾಡುವುದು ಅತ್ತೆ ಭೀಮಾಬಾಯಿಯವರ ಇಲಾಖೆ. ಒದ್ದೆ ಸೀರೆಯುಟ್ಟು, ಗಂಗೆ ಯಮುನೆಯರ ಹೆಸರು ಹೇಳಿ, ಒಂದು ದಳ ತುಲಸಿ ಹಾಕಿದರೆ ಲಾರಿಯ ನೀರು ದೇವರ ನೀರಾಗುತ್ತಿತ್ತು. ಡ್ರಮ್ಮಿನಿಂದ ಕೊಡಕ್ಕೆ ಇಳಿಸಲು ಪ್ಲಾಸ್ಟಿಕ್ ಕೊಳವೆ. ಪ್ಲಾಸ್ಟಿಕ್ ಮಡಿಗೆ ಬರುತ್ತದೆಯೇ ಎಂದು ಯಾರೋ ಕೇಳಿದ್ದಕ್ಕೆ, ಬರುವುದಿಲ್ಲ ಎಂದು ಯಾವ ಶಾಸ್ತ್ರದಲ್ಲಿದೆ ತೋರಿಸು ಎಂದಿದ್ದರು. ಶಾಸ್ತ್ರ ಬರೆದವರ ಕಾಲಕ್ಕೆ ಪ್ಲಾಸ್ಟಿಕ್ ಇರಲಿಲ್ಲವಾದ್ದರಿಂದ ಆ ವಾದಕ್ಕೆ ಸೋಲಿರಲಿಲ್ಲ.

ವೃಂದಾ ದೂರ ನಿಂತು ನೋಡಿದಳು. ಅತ್ತೆ ಕೊಳವೆಯನ್ನು ಸುರುಳಿ ಮಾಡಿ ಡ್ರಮ್ಮಿನಲ್ಲಿ ಅದ್ದಿದರು. ಗುಳುಗುಳು. ತುದಿಗೆ ಹೆಬ್ಬೆರಳು. ಮದುವೆಯಾಗಿ ಬಂದಂದಿನಿಂದ ನೋಡಿದ ಕೆಲಸ. ದ್ವೀಪದ ತೊಟ್ಟಿ ಎಲ್ಲಿಂದ ಬಂತೆಂದು ಅವಳಿಗೆ ಆಗ ತಿಳಿಯಿತು.

“ಅತ್ತೆ, ಇದನ್ನ ಬಾಯಲ್ಲಿ ಎಳೆದೂ ತರಬಹುದಂತಲ್ಲ. ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ಲದೆ ಏನು? ಬೀದಿಯಲ್ಲಿ ಎಲ್ಲಾರೂ ಹಾಗೇ ತಾನೆ ಎಳೀತಾರೆ. ಕುಂಭಕೋಣದಲ್ಲಿ ನಮ್ಮಣ್ಣ ಕದ್ದು ಹಾಗೇ ಎಳೆದು ಅಪ್ಪನ ಹತ್ರ ಒದೆ ತಿಂದಿದ್ದ.”

“ನೀವು ಯಾವತ್ತೂ ಹೇಳಲಿಲ್ಲ.”

“ನೀನು ಕೇಳಲಿಲ್ಲ.” ಭೀಮಾಬಾಯಿ ಕೊಡ ಬದಲಾಯಿಸಿದರು. “ದೇವರಿಗೆ ಇಡೋ ನೀರು ಎಂಜಲಾಗಬಾರದು ಅಂತ ನಾವು ಹೀಗೆ ಮಾಡ್ತೀವಿ. ಬೇರೇವರು ಬಾಯಿಟ್ಟರೆ ನೀರು ಬರಲ್ವಾ? ಭೇಷಾಗಿ ಬರತ್ತೆ. ಅವರ ನೀರು ಅವರಿಗೆ, ನಮ್ಮ ನೀರು ನಮಗೆ. ಅದು ಬಿಡು, ಆ ಕಡೆ ಕೊಡ ತೊಗೊ. ನನ್ನ ಮುಟ್ಟಬೇಡ.”

ವೃಂದಾ ಕೊಡ ತೆಗೆದುಕೊಂಡು ಅಲ್ಲೇ ನಿಂತಳು. ಜನ್ಮವೆಲ್ಲ ಮಡಿಯಲ್ಲಿ ಕಳೆದ ಈ ಮುದುಕಿ ಮಡಿಯನ್ನು ಅಡುಗೆಮನೆಯ ಹೊಸ್ತಿಲು ದಾಟಿಸಿರಲಿಲ್ಲ. ಬಿ.ಎಸ್ಸಿ. ಓದಿದ ತಾನು ಅದನ್ನು ಎತ್ತಿಕೊಂಡು ಹೋಗಿ ಪ್ರಕೃತಿ ನಿಯಮದ ಪಕ್ಕದಲ್ಲಿ ಕೂರಿಸಿಬಿಟ್ಟಿದ್ದಳು. ಮೊದಲನೆಯದು ಹೋಗಲಿ, ಗೊತ್ತಿಲ್ಲದೆ ಆದದ್ದು. ಸೀಮೆಎಣ್ಣೆ? ಅದು ಗೊತ್ತಿದ್ದೇ ಮಾಡಿದ್ದು. ಸರಿಯಾದ ಉತ್ತರ ಹೇಳಿದ ಅಷ್ಟು ಜನರ ಬಾಯಿ ಮುಚ್ಚಿಸಲು ತೊಟ್ಟಿಗೆ ವಿಷ ಬೆರೆಸಿದ್ದು. ‘ಹೀಗೆ ಮಾಡದೆ ಹಾಗೆ ಮಾಡಿದರೆ ಏನಾಗುತ್ತೆ’ ಎಂದು ದೂರದ ದೇಶದಲ್ಲಿ ಮಕ್ಕಳು ಕೊಳವೆ ಹಿಡಿದು ಕೇಳಿದ್ದರು. ಮುದುಕಿಯೊಬ್ಬಳೂ ಕೇಳಿದ್ದಳು. ಏನೂ ಆಗುವುದಿಲ್ಲ ಎಂದು ಮಿಸ್ ಸುಳ್ಳು ಹೇಳಿದ್ದಳು.

ಆದರೆ ಅದನ್ನು ಸರಿಮಾಡಬೇಕಾದರೆ ಒಗಟನ್ನು ಕಳೆದುಕೊಳ್ಳಬೇಕು. ಈಗ ಉಳಿದಿದೆ, ಸುಮ್ಮನಿದ್ದರೆ ಉಳಿದೇ ಇರುತ್ತದೆ. ಯಾರಿಗೂ ನಷ್ಟವಿಲ್ಲ. ಅವಳು ಕೊಡವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಖಾಲಿ ಕೊಡ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬೇರೆ ಡ್ರಮ್ಮಿತ್ತು, ಬಳಕೆಯ ನೀರಿನದು, ಮಡಿಗಿಡಿಗೆ ಸೇರದ್ದು. ಅಲ್ಲಿ ಬೇರೆ ಕೊಳವೆ. ವೃಂದಾ ಒಂದು ತುದಿಯನ್ನು ನೀರಿಗೆ ಬಿಟ್ಟು, ಇನ್ನೊಂದು ತುದಿಯನ್ನು ನೋಡಿದಳು. ವಯಸ್ಸಾದ ಹೆಂಗಸು ಮೊದಲ ಸಲ ಕೊಳಲು ಹಿಡಿದಂತೆ ಹಿಡಿದು, ಬಾಯಿಟ್ಟು ಎಳೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಒಳಗಿನಿಂದ ಏನೋ ಓಡಿಬರುವಂತೆ ಆಯಿತು; ಬರುತ್ತಿದೆ ಎಂದು ತಿಳಿಯುವಷ್ಟರಲ್ಲಿ ಬಂದೇಬಿಟ್ಟಿತು. ತುಕ್ಕು, ಬ್ಲೀಚಿಂಗ್ ಪುಡಿ, ರಬ್ಬರು, ಎಲ್ಲ ಒಟ್ಟಿಗೆ ಬಾಯಿತುಂಬ. ಕೆಮ್ಮಿ, ಉಗಿದು, ಕಣ್ಣಲ್ಲಿ ನೀರು ತುಂಬಿ ತಲೆಯೆತ್ತಿದರೆ ಎದುರಿಗೆ ಭೀಮಾಬಾಯಿ.

ಅತ್ತೆ ಸೊಸೆಯನ್ನು ನೋಡಿದರು, ಕೊಳವೆಯನ್ನು ನೋಡಿದರು, ಕಲ್ಲಿನ ಮೇಲೆ ಹರಿಯುತ್ತಿದ್ದ ನೀರನ್ನು ನೋಡಿದರು.

“ಬಾಯಿ ಆಮೇಲೆ ತೊಳಕೋ,” ಎಂದರು. “ಮೊದಲು ಬಕೆಟ್ ಇಡೇ! ಲಾರಿ ಇನ್ನು ಸೋಮವಾರಕ್ಕೇ ಬರೋದು.”

ಬೆಸೆಂಟ್ ನಗರದಲ್ಲಿ ಕಮಲಾಕರ ಅವಳ ಮಾತು ಕೇಳಿ ಕೈ ಜೋಡಿಸಿದ. “ಮೇಡಂ, ಒಪ್ಪಿದ್ದಾರೆ. ನಿಮ್ಮ ಅಧ್ಯಾಯ ಉಳಿದಿದೆ. ನೀವೇ ಯಾಕೆ ಅದರ ಕತ್ತು ಹಿಸುಕ್ತೀರಿ?”

“ನೀರೇ ಇರಲಿ ಕಮಲಾಕರ. ಮುಳುಗಿಸಿದರೂ ಬರಲಿ, ಎಳೆದರೂ ಬರಲಿ.”

“ಕೊನೇ ಒಗಟು ಅಂತ ಒಪ್ಪಲ್ಲ ಅವರು. ಗ್ಯಾರಂಟಿ.”

“ಹಾಗಾದರೆ ಕೊನೇದು ಬೇಡ. ಮಧ್ಯದಲ್ಲೆಲ್ಲಾದರೂ ಹಾಕಿ.”

“ಸೀಮೆಎಣ್ಣೆ ಚೆನ್ನಾಗೇ ಇತ್ತಲ್ಲ ಮೇಡಂ. ಸೈನ್ಸ್ ಪ್ರಕಾರ ತಪ್ಪೇನಿದೆ?”

“ಸೈನ್ಸ್ ಪ್ರಕಾರ ಏನೂ ಇಲ್ಲ,” ಎಂದಳು ವೃಂದಾ. “ಪರೀಕ್ಷೆಯಲ್ಲಿ ಮಕ್ಕಳು ಸರಿ ಉತ್ತರ ಬರೆದಿದ್ದಾರೆ ಅಂತ ಗೊತ್ತಾದ ಮೇಲೆ ನಾನು ಪ್ರಶ್ನೆ ತಿದ್ದಿದೆ. ಅದು ನನಗೆ ಸರಿ ಕಾಣ್ತಿಲ್ಲ. ನನ್ನ ಒಗಟು ತಾನೆ? ನಂದು ಅಂದಮೇಲೆ ಕೆಡಿಸೋ ಹಕ್ಕೂ ನಂದೇ.”

ಕಮಲಾಕರ ವಾದ ಮಾಡಿದ, ತಮಿಳಿನಲ್ಲಿ ಮಾಡಿದ, ಅಂದರೆ ನಿಜವಾಗಿಯೂ ಸಿಟ್ಟು ಬಂದಿತ್ತು. ಕೊನೆಗೆ ಇಂಗ್ಲಿಷಿನಲ್ಲಿ ಮೇಲ್ ಬರೆದ. ಅವನು ಹೇಳಿದಂತೆಯೇ ಆಯಿತು. ಪ್ರಕಾಶಕರು ತೊಟ್ಟಿಯನ್ನು ಕೊನೆಯಿಂದ ಎತ್ತಿ, ಎರಡನೆಯ ಅಧ್ಯಾಯದಲ್ಲಿ ಅಡುಗೆಮನೆಗೂ ಹಿತ್ತಿಲಿಗೂ ನಡುವೆ ಇಟ್ಟರು. ತಳದ ಮುಚ್ಚಳದ ಕೆಳಗೆ ಈಗ ಕಾವಲುಗಾರನ ದಾರಿಯಿಲ್ಲ, ಒಂದು ತುಕ್ಕುಹಿಡಿದ ಬೀಗದ ಕೈ, ಅಷ್ಟೇ. ಕಾವಲುಗಾರ ಮಸೂರದ ಕೋಣೆಯ ಹಿಂದೆ ಸಿಗುತ್ತಾನೆ, ಪಠ್ಯಪುಸ್ತಕದಲ್ಲಿರುವ ಹಾಗೆ, ತಲೆಕೆಳಗಾದ ಮೇಣದಬತ್ತಿಯ ಬೆಳಕಿನಲ್ಲಿ.

ಪ್ರತಿ ಕಳಿಸುವ ದಿನ ವೃಂದಾ ಹೋದಾಗ ಅನಿಲ್ ಪರದೆಯ ಮುಂದೆ ಅದೇ ಭಂಗಿಯಲ್ಲಿದ್ದ. ಲೀನಾ ಕೊಳವೆಯನ್ನು ಬಾಯಿಗಿಟ್ಟಳು, ನೀರು ಬಂತು. ಕೆಲಸ ಮಾಡುತ್ತಿತ್ತು. ಹೊಸಬರು ಯಾರೇ ಆದರೂ ಕಣ್ಣುಮುಚ್ಚಿ ತೆರೆಯುವುದರಲ್ಲಿ ದಾಟಿಬಿಡುತ್ತಾರೆ. ಯಾರು ಕಟ್ಟಿದ ತೊಟ್ಟಿ ಎಂದು ತಿರುಗಿಯೂ ನೋಡುವುದಿಲ್ಲ. ನೋಡುತ್ತ ನಿಂತ ವೃಂದಾಗೆ ಸಂಕಟವಾಯಿತು. ಅದನ್ನು ಅವಳು ಅಲ್ಲವೆನ್ನಲಿಲ್ಲ. ಮರುಕ್ಷಣವೇ ಕಣ್ಣು ಮೇಷ್ಟ್ರ ಕಣ್ಣಾಯಿತು.

“ಇದು ಸುಳ್ಳು ಅನಿಲ್. ಎಳೆದ ತಕ್ಷಣ ಹೀಗೆ ಸುಮ್ಮನೆ ಬರಲ್ಲ. ಮೊದಲನೇ ಸಲ ಏನೂ ಬರಲ್ಲ. ಎರಡನೇ ಸಲ ಬಾಯಿತುಂಬ ಬರತ್ತೆ. ಅವಳು ಕೆಮ್ಮಬೇಕು.”

“ನಿಮಗೆ ಹೇಗೆ ಗೊತ್ತು ಮೇಡಂ?” ಅನಿಲ್ ತಿರುಗಿ ನೋಡಿದ. ವೃಂದಾ ಸೆರಗಿನಿಂದ ತುಟಿ ಒರೆಸಿಕೊಂಡಳು. ಅವನ ಮುಖದಲ್ಲಿ ನಗು ನಿಧಾನವಾಗಿ ಹತ್ತಿತು, ಕೊಳವೆಯಲ್ಲಿ ನೀರು ಹತ್ತಿದ ಹಾಗೆ.

“ಕೆಮ್ಮಿನ ಸದ್ದು ನಮ್ಮ ಹತ್ರ ಇಲ್ಲವಲ್ಲ,” ಎಂದ ಕಮಲಾಕರ. “ಲೀನಾಗೆ ದನಿ ಕೊಟ್ಟ ಹುಡುಗಿ ಊರಿಗೆ ಹೋಗಿದಾಳೆ.”

ಬಚ್ಚಲುಮನೆಯಲ್ಲಿ ಬಕೆಟ್ ಇತ್ತು. ತೋಟಕ್ಕೆ ಬಿಡುವ ಕೊಳವೆಯ ತುಂಡೊಂದು ಸಿಕ್ಕಿತು. ಅನಿಲ್ ಅದನ್ನು ಸೋಪು ಹಾಕಿ ತೊಳೆದು ತಂದ, ಮೈಕನ್ನು ಒಂದು ಕೋಲಿಗೆ ಕಟ್ಟಿ ಹಿಡಿದ. ಕಮಲಾಕರ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರುತ್ತ ನಿಂತ. ವೃಂದಾ ಸೆರಗು ಸಿಕ್ಕಿಸಿ, ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಎಳೆದಳು, ಕೆಮ್ಮಿದಳು, ಉಗಿದಳು.

ಅನಿಲ್ ಯಂತ್ರ ನೋಡಿ ನಾಲಿಗೆ ಕಚ್ಚಿಕೊಂಡ. “ಸಾರಿ ಮೇಡಂ. ಬಟನ್ ಒತ್ತಿರಲಿಲ್ಲ.”

“ಒತ್ತು,” ಎಂದು ವೃಂದಾ ಬಾಯಿ ಒರೆಸಿಕೊಂಡು ಮತ್ತೆ ಕೊಳವೆ ಎತ್ತಿಕೊಂಡಳು.